ವಾಕ್ಯ ದೊಡ್ಡದೋ, ನನ್ನ ಮನಸ್ಸು ದೊಡ್ಡದೋ?

ಪ್ರಶ್ನೆ: ಅಯ್ಯನವರೇ, ನಾವು ಹುಬ್ಬಳ್ಳಿಯವರು, ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಸಭೆಯಲ್ಲೇ ಬೆಳೆದವರು. ನಮ್ಮ ಅಮ್ಮ ಮೂವತ್ತು ವರ್ಷದಿಂದ ಭಾನುವಾರದ ಆರಾಧನೆಯಲ್ಲಿ ಸತ್ಯವೇದ ಪಾಠ ಓದುತ್ತಾ ಬಂದಿದ್ದಾರೆ. ಸ್ತ್ರೀಯರ ಕೂಟದಲ್ಲಿ ಪ್ರಸಂಗವನ್ನೂ ಮಾಡುತ್ತಾರೆ. ನನ್ನ ತಮ್ಮ ಎರಡು ವರ್ಷದಿಂದ ಬೇರೊಂದು ಪ್ರಾರ್ಥನಾ ಕೂಟಕ್ಕೆ ಹೋಗುತ್ತಿದ್ದಾನೆ. ಸಭೆಯಲ್ಲಿ ಹೆಂಗಸರು ಮಾತಾಡಬಾರದು ಅಂತ ವಾಕ್ಯದಲ್ಲೇ ಇದೆ, ಅಮ್ಮ ಇದನ್ನೆಲ್ಲ ನಿಲ್ಲಿಸಬೇಕು ಅಂತ ಹಟ ಹಿಡಿದಿದ್ದಾನೆ. ಆ ವಾಕ್ಯ ತೆಗೆದು ಓದಿದೆ, ಇರುವುದು ನಿಜ. ಆದರೆ ನನ್ನ ಮನಸ್ಸು ಒಪ್ಪುತ್ತಿಲ್ಲ. ಹಾಗಾದರೆ ನೀನು ವಾಕ್ಯಕ್ಕಿಂತ ನಿನ್ನ ಮನಸ್ಸನ್ನೇ ದೊಡ್ಡದು ಮಾಡಿಕೊಂಡಿದ್ದೀಯ ಅನ್ನುತ್ತಾನೆ. ಅವನು ಹೇಳುವುದು ಸರಿಯೇ? ಒಪ್ಪದಿರುವುದು ಪಾಪವೇ?

ಉತ್ತರ: ಪ್ರಿಯ ಸಹೋದರಿ, ನಿಮ್ಮ ಪತ್ರವನ್ನು ಎರಡು ಮೂರು ಸಲ ಓದಿದೆ. ಮೊದಲಿಗೆ ನಿಮ್ಮ ತಮ್ಮನ ಪರವಾಗಿ ಒಂದು ಮಾತು. ಅವನನ್ನು ಹಟಮಾರಿ ಎಂದು ಬದಿಗಿಡಬೇಡಿ. ಮನಸ್ಸಿಗೆ ಬಂದದ್ದನ್ನೆಲ್ಲ ದೇವರ ಚಿತ್ತ ಅಂದುಕೊಳ್ಳುವ ಅಪಾಯ ನಮ್ಮೆಲ್ಲರಿಗೂ ಇದೆ. ಅದನ್ನು ತಡೆಯಲು ಹೊರಗಿನದೊಂದು ಅಳತೆಗೋಲು ಬೇಕು ಎಂದು ಅವನಿಗೆ ಅನಿಸಿದೆ. ಆ ಅನಿಸಿಕೆ ಸರಿಯಾದದ್ದೇ. ನಿಮ್ಮದೇ ಸಭೆಯ ಸಂವಿಧಾನವೂ ಅದನ್ನೇ ಹೇಳುತ್ತದೆ. 1947ರ ಸೆಪ್ಟೆಂಬರ್ 27ರಂದು ಬೇರೆ ಬೇರೆ ಪಂಗಡಗಳು ಕೂಡಿ ದಕ್ಷಿಣ ಭಾರತ ಸಭೆ ಹುಟ್ಟಿದಾಗ, ರಕ್ಷಣೆಗೆ ಬೇಕಾದದ್ದೆಲ್ಲವೂ ಸತ್ಯವೇದದಲ್ಲಿ ಅಡಗಿದೆ, ನಂಬಿಕೆಯ ವಿಷಯದಲ್ಲಿ ಅದೇ ಪರಮ ಮತ್ತು ನಿರ್ಣಾಯಕ ಪ್ರಮಾಣ ಎಂದು ಒಪ್ಪಿಕೊಂಡೇ ಮುಂದಕ್ಕೆ ಹೋದವು. ಆದ್ದರಿಂದ ವಾಕ್ಯಕ್ಕೆ ಅಧಿಕಾರ ಇದೆಯೋ ಇಲ್ಲವೋ ಎಂಬ ವಿಷಯದಲ್ಲಿ ನಿಮಗೂ ತಮ್ಮನಿಗೂ ಜಗಳವೇ ಇಲ್ಲ. ಆದರೆ ಆ ಮಾತನ್ನು ಇನ್ನೊಮ್ಮೆ ಓದಿ ನೋಡಿ. ರಕ್ಷಣೆಗೆ ಬೇಕಾದದ್ದೆಲ್ಲ ಅದರಲ್ಲಿದೆ ಎನ್ನುವುದು ಒಂದು, ಅದರಲ್ಲಿರುವ ಪ್ರತಿ ಸಾಲೂ ಎಲ್ಲ ಕಾಲಕ್ಕೂ ಎಲ್ಲ ಊರಿಗೂ ಹಾಕಿದ ಕಾಯಿದೆ ಎನ್ನುವುದು ಇನ್ನೊಂದು. ಸಭೆ ಹೇಳಿದ್ದು ಮೊದಲನೆಯದನ್ನು.

ಈಗ ಆ ವಾಕ್ಯಕ್ಕೇ ಬರೋಣ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆ, 14ನೇ ಅಧ್ಯಾಯ, 34 ಮತ್ತು 35ನೇ ವಚನಗಳು. ತಮ್ಮನ ಜೊತೆ ಕೂತಾಗ ಅಲ್ಲಿಂದಲೇ ಶುರು ಮಾಡಬೇಡಿ, 26ನೇ ವಚನದಿಂದ ಓದಿ. ಆ ಸಭೆಯಲ್ಲಿ ಗದ್ದಲ ನಡೆದಿದೆ. ಒಬ್ಬರು ಅನ್ಯಭಾಷೆಯಲ್ಲಿ, ಅಂದರೆ ಕೇಳುವವರಿಗೆ ಅರ್ಥವಾಗದ ಪ್ರಾರ್ಥನೆಯ ನುಡಿಯಲ್ಲಿ, ಮಾತಾಡುತ್ತಿದ್ದಾರೆ, ಇಬ್ಬರು ಮೂವರು ಒಟ್ಟಿಗೇ ಪ್ರವಾದಿಸುತ್ತಿದ್ದಾರೆ, ಯಾರದು ಯಾರಿಗೂ ತಿಳಿಯುತ್ತಿಲ್ಲ. ಆ ಪತ್ರಿಕೆ ಬರೆದ ಅಪೊಸ್ತಲ ಪೌಲನು ಅಲ್ಲಿ ಸುಮ್ಮನಿರಿ ಎಂದು ಹೇಳುವುದು ಮೂವರಿಗೆ. ಅರ್ಥ ಹೇಳುವವನಿಲ್ಲದಿದ್ದರೆ ಅನ್ಯಭಾಷೆಯವನು ಸುಮ್ಮನಿರಲಿ. ಇನ್ನೊಬ್ಬನಿಗೆ ಪ್ರಕಟಣೆ ಬಂದರೆ ಮೊದಲು ಮಾತಾಡುತ್ತಿದ್ದವನು ಸುಮ್ಮನಿರಲಿ. ಸ್ತ್ರೀಯರು ಸುಮ್ಮನಿರಲಿ. ಮೂರು ಕಡೆಯೂ ಗ್ರೀಕ್ ಮೂಲದಲ್ಲಿ ಒಂದೇ ಕ್ರಿಯಾಪದ. ತಮ್ಮನ ಕೂಟದಲ್ಲಿ ಈ ಮೂರರಲ್ಲಿ ಎಷ್ಟನ್ನು ಪಾಲಿಸುತ್ತಾರೆ ಎಂದು ಮೆಲ್ಲಗೆ ಕೇಳಿ. ಎಲ್ಲರೂ ಒಟ್ಟಿಗೆ ಗಟ್ಟಿಯಾಗಿ ಅನ್ಯಭಾಷೆಯಲ್ಲಿ ಪ್ರಾರ್ಥಿಸುವ ಕೂಟಗಳನ್ನು ನಾನು ಬಹಳ ಕಂಡಿದ್ದೇನೆ. ಅಲ್ಲಿ ಅರ್ಥ ಹೇಳುವವರನ್ನು ಮಾತ್ರ ಕಂಡಿಲ್ಲ. ಮೊದಲ ಎರಡನ್ನು ಬಿಟ್ಟು ಮೂರನೆಯದನ್ನು ಮಾತ್ರ ಗಟ್ಟಿಯಾಗಿ ಹಿಡಿದರೆ, ಆ ಆಯ್ಕೆಯನ್ನು ಮಾಡಿದ್ದು ವಾಕ್ಯವಲ್ಲ, ಹಿಡಿದವರ ಮನಸ್ಸು.

ಇನ್ನು ಅದೇ ಪತ್ರಿಕೆಯಲ್ಲಿ ಮೂರು ಅಧ್ಯಾಯ ಹಿಂದಕ್ಕೆ ಹೋಗಿ. 11ನೇ ಅಧ್ಯಾಯದ 5ನೇ ವಚನದಲ್ಲಿ, ಸ್ತ್ರೀಯು ಪ್ರಾರ್ಥಿಸುವಾಗ, ಪ್ರವಾದಿಸುವಾಗ ತಲೆಯ ಮೇಲೆ ಮುಸುಕಿರಬೇಕು ಎಂದು ಪೌಲನು ಹೇಳುತ್ತಾನೆ. ಸಭೆಯಲ್ಲಿ ಬಾಯಿಯನ್ನೇ ತೆರೆಯಬಾರದವಳಿಗೆ ಈ ಮಾತು ಯಾಕೆ? ಅವಳು ಮಾತಾಡುತ್ತಿದ್ದಳು, ಅದು ಪೌಲನಿಗೆ ಗೊತ್ತಿತ್ತು. ರೋಮಾಪುರದವರಿಗೆ ಬರೆದ ಪತ್ರಿಕೆಯ 16ನೇ ಅಧ್ಯಾಯವನ್ನೂ ತೆಗೆಯಿರಿ. ಮೊದಲ ಹೆಸರೇ ಫೊಯಿಬೆ ಎಂಬ ಹೆಂಗಸಿನದು. ಕೆಂಖ್ರೆಯ ಸಭೆಯಲ್ಲಿ ಅವಳ ಸ್ಥಾನವನ್ನು ಹೇಳಲು ಪೌಲನು ಬಳಸಿದ ದಿಯಾಕೊನೊಸ್ ಎಂಬ ಪದವನ್ನೇ ಬೇರೆ ಕಡೆ ತನಗೂ ಬಳಸಿಕೊಂಡಿದ್ದಾನೆ. 7ನೇ ವಚನದಲ್ಲಿ ಯೂನ್ಯ ಎಂಬ ಹೆಸರಿದೆ, ಅಪೊಸ್ತಲರಲ್ಲಿ ಪ್ರಸಿದ್ಧಳು. ನಾಲ್ಕನೆಯ ಶತಮಾನದಲ್ಲಿ ಹುಟ್ಟಿದ ಹೆಸರಾಂತ ಬೋಧಕ ಯೋಹಾನ ಕ್ರಿಸೊಸ್ತೊಮನು ಅವಳನ್ನು ಹೆಂಗಸೆಂದೇ ಓದಿ ಹೊಗಳಿದ್ದಾನೆ. ಆಮೇಲೆ ಬಂದ ಹಲವು ಅನುವಾದಗಳಲ್ಲಿ ಅದೇ ಹೆಸರು ಗಂಡಸಿನದಾಯಿತು. ಒಬ್ಬ ಹೆಂಗಸು ಅಪೊಸ್ತಲಳಾಗಿರಲು ಸಾಧ್ಯವಿಲ್ಲ ಎಂದು ಮೊದಲೇ ನಂಬಿದ್ದವರಿಗೆ ಹೆಸರನ್ನು ಬದಲಾಯಿಸುವುದೇ ಸುಲಭವಾಗಿ ಕಂಡಿತು.

ಇನ್ನೂ ಒಂದು ಸಂಗತಿ ಇದೆ. ಕೆಲವು ಹಳೆಯ ಹಸ್ತಪ್ರತಿಗಳಲ್ಲಿ ಈ 34 ಮತ್ತು 35ನೇ ವಚನಗಳು ಇದೇ ಜಾಗದಲ್ಲಿಲ್ಲ, ಅಧ್ಯಾಯದ ಕೊನೆಯಲ್ಲಿ, 40ನೇ ವಚನದ ನಂತರ ಬರುತ್ತವೆ. ಇವು ಅಂಚಿನಲ್ಲಿ ಬರೆದಿದ್ದ ಟಿಪ್ಪಣಿಯಾಗಿದ್ದು ಮುಂದೆ ಒಳಗೆ ಸೇರಿರಬಹುದು ಎನ್ನುವ ವಿದ್ವಾಂಸರಿದ್ದಾರೆ, ಒಪ್ಪದವರೂ ಇದ್ದಾರೆ. ನಾನು ಇದನ್ನೇ ದೊಡ್ಡ ಆಧಾರ ಮಾಡಿಕೊಳ್ಳುವುದಿಲ್ಲ. ಯಾಕೆಂದರೆ ಇದನ್ನು ಬಗೆಹರಿಸಿದರೂ ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರಿಕೆಯ 2ನೇ ಅಧ್ಯಾಯ ಉಳಿಯುತ್ತದೆ. ಸ್ತ್ರೀ ಉಪದೇಶ ಮಾಡಬಾರದು ಎಂದು ಅಲ್ಲಿ ನೇರವಾಗಿಯೇ ಇದೆ. ಅದೇ ಅಧ್ಯಾಯದಲ್ಲಿ ಜಡೆ, ಚಿನ್ನ, ಮುತ್ತುಗಳ ವಿಷಯವೂ ಇದೆ ಎನ್ನುವುದು ನಿಜ. ಆದರೆ ಅಷ್ಟು ಹೇಳಿದ ಮಾತ್ರಕ್ಕೆ ಆ ವಾಕ್ಯ ಕರಗಿ ಹೋಗುವುದಿಲ್ಲ. ನಾನು ವರ್ಷಗಟ್ಟಲೆ ಇದನ್ನು ಪಾಠ ಮಾಡಿದ್ದೇನೆ. ಇವತ್ತಿಗೂ ಅದು ನನಗೆ ಗಟ್ಟಿ ಕಾಳೇ.

ಹೀಗೆ ಬೇಯದೆ ಉಳಿಯುವ ಕಾಳನ್ನು ಏನು ಮಾಡಬೇಕು? ನಿಮ್ಮ ಪ್ರಶ್ನೆಯ ಮುಳ್ಳು ಇರುವುದು ಇಲ್ಲಿ. ತೆಗೆದು ಬಿಸಾಡಬೇಕೇ?

ಬಿಸಾಡಿದವರ ಕತೆ ಕೇಳಿ. ಅಮೆರಿಕದ ಮೂರನೆಯ ಅಧ್ಯಕ್ಷ ಥಾಮಸ್ ಜೆಫರ್ಸನ್ ತನ್ನ ಮುಪ್ಪಿನಲ್ಲಿ, 1820ರ ಹೊತ್ತಿಗೆ, ಗ್ರೀಕ್, ಲ್ಯಾಟಿನ್, ಫ್ರೆಂಚ್, ಇಂಗ್ಲಿಷ್ ಸುವಾರ್ತೆಗಳನ್ನು ಮುಂದಿಟ್ಟುಕೊಂಡು ಹರಿತವಾದ ಅಲಗಿನಿಂದ ತನಗೆ ಒಪ್ಪಿಗೆಯಾದ ಭಾಗಗಳನ್ನು ಕತ್ತರಿಸಿ ಅಂಟಿಸಿದ. ಯೇಸುವಿನ ನೀತಿಯ ಮಾತುಗಳನ್ನು ಇಟ್ಟುಕೊಂಡ, ಅದ್ಭುತಗಳನ್ನು ಬಿಟ್ಟ. ಅವನ ಪುಸ್ತಕ ಸಮಾಧಿಯ ಬಾಯಿಗೆ ಕಲ್ಲು ಉರುಳಿಸುವಲ್ಲಿಗೆ ಮುಗಿಯುತ್ತದೆ. ಪುನರುತ್ಥಾನ ಇಲ್ಲ. ಬುದ್ಧಿಗೆ ಒಪ್ಪದ್ದನ್ನು ಬಿಟ್ಟ, ಅದರಲ್ಲೇನು ತಪ್ಪು ಎನ್ನಬಹುದು. ಆದರೆ ಆ ಮನುಷ್ಯ ತನ್ನ ಜೀವಮಾನದಲ್ಲಿ 600ಕ್ಕೂ ಹೆಚ್ಚು ಜನರನ್ನು ಗುಲಾಮರಾಗಿ ಇಟ್ಟುಕೊಂಡಿದ್ದವನು. ತನ್ನ ಬುದ್ಧಿಗೆ ತೊಡಕಾದದ್ದನ್ನು ತೆಗೆದ ಆ ಅಲಗು ಅವನ ಬದುಕನ್ನು ಮುಟ್ಟಲಿಲ್ಲ.

ಅದಕ್ಕೂ ಮೊದಲೇ, 1807ರಲ್ಲಿ, ಲಂಡನ್ನಿನಲ್ಲಿ ಇನ್ನೊಂದು ಕತ್ತರಿಸಿದ ಬೈಬಲ್ ಅಚ್ಚಾಗಿತ್ತು. ಬ್ರಿಟಿಷ್ ವೆಸ್ಟ್ ಇಂಡೀಸ್ ದ್ವೀಪಗಳ ಗುಲಾಮರಿಗೆಂದು ಆರಿಸಿದ ಭಾಗಗಳು. ಹಳೆಯ ಒಡಂಬಡಿಕೆಯ ಸುಮಾರು ಶೇ. 90, ಹೊಸ ಒಡಂಬಡಿಕೆಯ ಸುಮಾರು ಅರ್ಧ ಅದರಲ್ಲಿಲ್ಲ. ಮೋಶೆ ಫರೋಹನ ಮುಂದೆ ನಿಂತು ನನ್ನ ಜನರನ್ನು ಬಿಡು ಎನ್ನುವ ಕತೆ ಇಲ್ಲ. ದಾಸನೆಂದೂ ಸ್ವತಂತ್ರನೆಂದೂ ಭೇದವಿಲ್ಲ ಎನ್ನುವ ಗಲಾತ್ಯದವರ ಪತ್ರಿಕೆಯ ಸಾಲು ಇಲ್ಲ. ದಾಸರೇ, ನಿಮ್ಮ ಯಜಮಾನರಿಗೆ ವಿಧೇಯರಾಗಿರಿ ಎಂಬುದು ಮಾತ್ರ ಇದೆ. ಈ ಪುಸ್ತಕವನ್ನು ನೆನೆದಾಗೆಲ್ಲ ನನಗೆ ಅನಿಸುವುದು ಇಷ್ಟು: ಇಡೀ ಸತ್ಯವೇದಕ್ಕೆ ಹೆದರಿದವರು ಯಜಮಾನರು. ಅವರಿಗೆ ತೊಡಕಾಗದಂತೆ ದೇವರ ವಾಕ್ಯವನ್ನು ಕತ್ತರಿಸಲಾಯಿತು. ಎಲ್ಲವನ್ನೂ ಕೊಟ್ಟಿದ್ದರೆ ಗುಲಾಮರು ವಿಮೋಚನಕಾಂಡ ಓದುತ್ತಿದ್ದರು.

ಈಗ ಇದರ ಪಕ್ಕದಲ್ಲಿ ಒಬ್ಬ ಅಜ್ಜಿಯನ್ನು ಕೂರಿಸುತ್ತೇನೆ. ಹೋವರ್ಡ್ ಥರ್ಮನ್ ಎಂಬ ಕಪ್ಪು ಜನಾಂಗದ ದೊಡ್ಡ ಬೋಧಕರಿದ್ದರು. ನಮ್ಮ ದೇಶಕ್ಕೂ ಬಂದು 1936ರಲ್ಲಿ ಬಾರ್ಡೋಲಿಯಲ್ಲಿ ಗಾಂಧೀಜಿಯನ್ನು ಕಂಡು ಮಾತಾಡಿದವರು. ಫ್ಲಾರಿಡಾದ ಡೇಟೋನಾದಲ್ಲಿ ಅವರನ್ನು ಬೆಳೆಸಿದ್ದು ಅಜ್ಜಿ ನ್ಯಾನ್ಸಿ ಆಂಬ್ರೋಸ್. ಗುಲಾಮಳಾಗಿ ಹುಟ್ಟಿದವಳು, ಓದು ಬರಹ ಇಲ್ಲ. ವಾರಕ್ಕೆ ಎರಡು ಮೂರು ಸಲ ಮೊಮ್ಮಗ ಅವಳಿಗೆ ಬೈಬಲ್ ಓದಿ ಹೇಳಬೇಕಿತ್ತು. ಕೀರ್ತನೆಗಳು, ಯೆಶಾಯ, ಸುವಾರ್ತೆಗಳು. ಪೌಲನ ಪತ್ರಿಕೆಗಳನ್ನು ಮಾತ್ರ ಓದಿಸುತ್ತಿರಲಿಲ್ಲ, ಅಪರೂಪಕ್ಕೆ ಕೊರಿಂಥದ ಮೊದಲನೆಯ ಪತ್ರಿಕೆಯಲ್ಲಿ ಪ್ರೀತಿಯ ಬಗ್ಗೆ ಇರುವ 13ನೇ ಅಧ್ಯಾಯವನ್ನು ಬಿಟ್ಟು. ದೊಡ್ಡವನಾದ ಮೇಲೆ ಒಂದು ದಿನ ಮೊಮ್ಮಗ ಧೈರ್ಯ ಮಾಡಿ ಕಾರಣ ಕೇಳಿದ. ಗುಲಾಮಗಿರಿಯ ಕಾಲದಲ್ಲಿ ಯಜಮಾನ ಕರೆಸಿದ ಬಿಳಿಯ ಬೋಧಕ ವರ್ಷಕ್ಕೆ ಮೂರು ನಾಲ್ಕು ಸಲವಾದರೂ ಒಂದೇ ವಾಕ್ಯದ ಮೇಲೆ ಪ್ರಸಂಗ ಮಾಡುತ್ತಿದ್ದನಂತೆ: ದಾಸರೇ, ವಿಧೇಯರಾಗಿರಿ. ಎಂದಾದರೂ ಓದಲು ಕಲಿತರೆ, ಎಂದಾದರೂ ಬಿಡುಗಡೆ ಬಂದರೆ, ಆ ಭಾಗವನ್ನು ಓದುವುದಿಲ್ಲ ಎಂದು ಅವಳು ಆಗಲೇ ದೇವರಿಗೆ ಮಾತು ಕೊಟ್ಟಿದ್ದಳು.

ಜೆಫರ್ಸನ್ನೂ ಬಿಟ್ಟ, ಗುಲಾಮರ ಬೈಬಲ್ ಅಚ್ಚು ಹಾಕಿಸಿದವರೂ ಬಿಟ್ಟರು, ಅಜ್ಜಿಯೂ ಬಿಟ್ಟಳು. ಮೂವರೂ ತಮ್ಮ ಮನಸ್ಸನ್ನು ವಾಕ್ಯಕ್ಕಿಂತ ದೊಡ್ಡದು ಮಾಡಿಕೊಂಡರು ಎಂದು ಒಂದೇ ತಕ್ಕಡಿಗೆ ಹಾಕಬಹುದೇ? ನನ್ನಿಂದ ಆಗುವುದಿಲ್ಲ. ಅಚ್ಚು ಹಾಕಿಸಿದವರು ಯಜಮಾನರನ್ನು ಚುಚ್ಚುವ ವಾಕ್ಯಗಳನ್ನು ತೆಗೆದರು. ಅಜ್ಜಿ ತನ್ನ ಬೆನ್ನ ಮೇಲೆ ಬಾರುಕೋಲಿನಂತೆ ಬಿದ್ದ ವಾಕ್ಯವನ್ನು ಪಕ್ಕಕ್ಕಿಟ್ಟಳು. ಅದನ್ನು ಪಕ್ಕಕ್ಕಿಡುವ ಬಲವನ್ನು ಅವಳಿಗೆ ಕೊಟ್ಟದ್ದು ಅದೇ ಪುಸ್ತಕದ ಯೆಶಾಯ, ಅದೇ ಪುಸ್ತಕದ ಯೇಸು. ಅವಳು ಸತ್ಯವೇದವನ್ನು ಬಿಡಲಿಲ್ಲ. ವಾರಕ್ಕೆ ಎರಡು ಮೂರು ಸಲ ಕಿವಿಗೊಟ್ಟು ಕೂತಳು.

ಇಂಥದೇ ಒಂದನ್ನು ನಾನೂ ಕಣ್ಣಾರೆ ಕಂಡಿದ್ದೇನೆ. ದೀಕ್ಷೆಯಾದ ಹೊಸತರಲ್ಲಿ ಧಾರವಾಡ ಕಡೆಯ ಒಂದು ಹಳ್ಳಿಯ ಸಭೆಯಲ್ಲಿದ್ದೆ. ಕರ್ತನ ಭೋಜನದ ದಿನ, ಅಂದರೆ ರೊಟ್ಟಿ ದ್ರಾಕ್ಷಾರಸ ಹಂಚುವ ಆರಾಧನೆಯಲ್ಲಿ, ಒಂದು ಓಣಿಯ ಜನ ಯಾವಾಗಲೂ ಕಡೆಯ ಸಾಲಿನಲ್ಲೇ ಬರುತ್ತಿದ್ದರು. ಯಾರೂ ಹಾಗೆ ಬನ್ನಿ ಎಂದು ಹೇಳಿದ್ದಿಲ್ಲ. ಮೊದಲಿನಿಂದ ಹಾಗೇ ನಡೆದು ಬಂದಿತ್ತು, ನಾನೂ ಸುಮ್ಮನಿದ್ದೆ. ಆ ಓಣಿಯ ಒಬ್ಬ ಅಜ್ಜಿ, ಅಕ್ಷರ ಬಾರದವಳು, ಮೊಮ್ಮಗನ ಕೈಯಲ್ಲಿ ಕೊರಿಂಥದ ಪತ್ರಿಕೆಯ 11ನೇ ಅಧ್ಯಾಯ ಓದಿಸಿದ್ದಳಂತೆ. ಆರಾಧನೆ ಮುಗಿದ ಮೇಲೆ ಬಾಗಿಲ ಹತ್ತಿರ ನನ್ನ ನಿಲುವಂಗಿಯ ತೋಳು ಹಿಡಿದು ನಿಲ್ಲಿಸಿದಳು. "ಅಯ್ಯನವ್ರ, ಊಟಕ್ಕ ಕೂಡಿದಾಗ ಒಬ್ಬರಿಗೊಬ್ಬರು ಕಾಯ್ರಿ ಅಂತ ಬರದೈತಂತಲ್ರೀ. ನಾವು ಎಲ್ಲಾರಿಗೂ ಕಾಯ್ತೀವಿ. ನಮಗ ಯಾರು ಕಾಯ್ತಾರ್ರೀ?"

ನನ್ನ ಬಾಯಿಂದ ಮಾತು ಹೊರಡಲಿಲ್ಲ. ಆ 33ನೇ ವಚನದ ಮೇಲೆ ನಾನು ಪರೀಕ್ಷೆಗೆ ಉತ್ತರ ಬರೆದವನು. ಅದು ನಮ್ಮ ಸಾಲಿನ ಬಗ್ಗೆ ಇದೆ ಎಂದು ಹೊಳೆದಿರಲಿಲ್ಲ. ಮುಂದಿನ ತಿಂಗಳು ಹಿರಿಯರನ್ನು ಕೂರಿಸಿ ಮಾತಾಡಿ, ಆ ಓಣಿಯವರನ್ನು ಮೊದಲ ಸಾಲಿಗೆ ಕರೆದೆವು. ಇಬ್ಬರು ಹಿರಿಯರು ಆ ದಿನ ಭೋಜನಕ್ಕೆ ಏಳಲಿಲ್ಲ. ಅವರ ಮನಸ್ಸು ಒಪ್ಪಲಿಲ್ಲ.

ಸಹೋದರಿ, ಆ ಹಿರಿಯರ ಮನಸ್ಸೂ ಮನಸ್ಸೇ, ಆ ಅಜ್ಜಿಯ ಮನಸ್ಸೂ ಮನಸ್ಸೇ. ಅದಕ್ಕೇ ನನ್ನ ಮನಸ್ಸು ಒಪ್ಪುತ್ತಿಲ್ಲ ಎನ್ನುವ ಮಾತೊಂದೇ ಸಾಲದು ಎನ್ನುತ್ತೇನೆ. ಈ ಕಾಲದಲ್ಲಿ ಆ ಮಾತು ಬಹಳ ಅಗ್ಗವಾಗಿದೆ. ನನ್ನ ದೇವರು ಹೀಗೆ, ನನ್ನ ನಂಬಿಕೆ ಹೀಗೆ ಎಂದು ಪ್ರತಿಯೊಬ್ಬರೂ ತಮ್ಮದೇ ಒಂದು ಪುಟ್ಟ ಧರ್ಮ ಕಟ್ಟಿಕೊಳ್ಳುತ್ತಿದ್ದಾರೆ. ಬೈಬಲ್ ಒಂದೇ ಸಾಕು ಎನ್ನುವವರೂ ಇದಕ್ಕೆ ಹೊರತಲ್ಲ. ಹೊಸ ವರ್ಷದ ರಾತ್ರಿ ನಾವು ಎತ್ತಿಕೊಳ್ಳುವ ವಾಗ್ದಾನದ ಕಾರ್ಡನ್ನೇ ನೋಡಿ. ಯೆರೆಮೀಯ 29ರ 11ನೇ ವಚನ ಬಂದರೆ ಎಷ್ಟು ಸಂತೋಷ! ನಿಮಗೆ ಒಳ್ಳೆಯ ಭವಿಷ್ಯ ಕೊಡುತ್ತೇನೆ ಎಂಬ ಮಾತು. ಅದರ ಹಿಂದಿನ ವಚನದಲ್ಲಿ ಬಾಬೆಲಿನಲ್ಲಿ 70 ವರ್ಷ ತುಂಬಬೇಕು ಎಂದಿರುವುದು ಕಾರ್ಡಿನಲ್ಲಿ ಇರುವುದಿಲ್ಲ. ಅದನ್ನು ಕೇಳಿಸಿಕೊಂಡ ಹೆಚ್ಚಿನವರು ಸೆರೆಯಲ್ಲೇ ಮುದುಕರಾಗಿ ಸತ್ತರು.

ವೈಯಕ್ತಿಕ ನಂಬಿಕೆ ಕಟ್ಟು ಹರಿದುಕೊಂಡರೆ ಎಲ್ಲಿಗೆ ಹೋಗುತ್ತದೆ ಎನ್ನುವುದಕ್ಕೆ ಜರ್ಮನಿಯ ಸಭೆ ಸಾಕ್ಷಿ. 1933ರ ನವೆಂಬರ್ 13ರಂದು ಬರ್ಲಿನ್ನಿನ ಕ್ರೀಡಾ ಸಭಾಂಗಣದಲ್ಲಿ ಹಿಟ್ಲರನ ಪರವಾಗಿದ್ದ ಕ್ರೈಸ್ತರ ದೊಡ್ಡ ಸಭೆ ಸೇರಿತು. ಹಳೆಯ ಒಡಂಬಡಿಕೆ ಯೆಹೂದ್ಯರದು, ಅದನ್ನು ಸಭೆಯಿಂದ ತೆಗೆಯಬೇಕು ಎಂದು ವೇದಿಕೆಯಿಂದಲೇ ಕೂಗಿ ಹೇಳಿದರು. ತಮ್ಮ ಜನಾಂಗದ ಒಳದನಿಯೇ ದೇವರ ದನಿ ಎಂದು ಅವರು ಪ್ರಾಮಾಣಿಕವಾಗಿಯೇ ನಂಬಿದ್ದರು. ಮರುವರ್ಷ ಮೇ ಕೊನೆಯಲ್ಲಿ ಬಾರ್ಮೆನ್ ಎಂಬಲ್ಲಿ ಸೇರಿದ ಇತರರು ಎದುರುತ್ತರ ಕೊಟ್ಟರು. ಅದನ್ನು ಬರೆದವರಲ್ಲಿ ಮುಖ್ಯರು ದೇವತಾಶಾಸ್ತ್ರಜ್ಞ ಕಾರ್ಲ್ ಬಾರ್ತ್. ಸತ್ಯವೇದ ನಮಗೆ ಸಾಕ್ಷಿ ಕೊಡುವ ಯೇಸು ಕ್ರಿಸ್ತನೊಬ್ಬನೇ ನಾವು ಕೇಳಬೇಕಾದ ದೇವರ ವಾಕ್ಯ, ಇನ್ನಾವ ದನಿಯೂ ಅಲ್ಲ ಎಂದರು. ಪುಸ್ತಕದ ಅಧಿಕಾರ ಆಗ ಒಂದು ಅಡ್ಡಗೋಡೆಯಾಗಿ ನಿಂತಿತು. ಆದರೂ ಆ ಘೋಷಣೆಯಲ್ಲಿ ಹಿಂಸೆಗೊಳಗಾಗುತ್ತಿದ್ದ ಯೆಹೂದ್ಯರ ಪರವಾಗಿ ಒಂದು ಸಾಲೂ ಇಲ್ಲ. ವಾಕ್ಯವನ್ನು ಗಟ್ಟಿಯಾಗಿ ಹಿಡಿದವರ ಕಣ್ಣೂ ಪಕ್ಕದವನ ಬೆನ್ನ ಮೇಲಿನ ಏಟನ್ನು ತಪ್ಪಿಸಿ ನೋಡಬಲ್ಲದು.

ತಮ್ಮನು ಪ್ರೊಟೆಸ್ಟಂಟ್ ಸುಧಾರಣೆಯನ್ನು ಶುರು ಮಾಡಿದ ಮಾರ್ಟಿನ್ ಲೂಥರನ ಹೆಸರು ಹೇಳಬಹುದು. ಹೇಳಿದರೆ ಒಳ್ಳೆಯದೇ. 1521ರ ಏಪ್ರಿಲ್ 18ರಂದು ವರ್ಮ್ಸ್ ನಗರದಲ್ಲಿ ಚಕ್ರವರ್ತಿಯ ಮುಂದೆ ನಿಂತು, ಸತ್ಯವೇದದಿಂದ ಅಥವಾ ಸ್ಪಷ್ಟವಾದ ತರ್ಕದಿಂದ ನನ್ನ ತಪ್ಪನ್ನು ತೋರಿಸಿಕೊಡಿ, ಇಲ್ಲದಿದ್ದರೆ ಹಿಂತೆಗೆಯಲಾರೆ, ನನ್ನ ಮನಸ್ಸಾಕ್ಷಿ ದೇವರ ವಾಕ್ಯಕ್ಕೆ ಸೆರೆಯಾಗಿದೆ ಎಂದವನು ಅವನು. ಒಂದು ಕಡೆಯವರು ಇದರಲ್ಲಿ ವಾಕ್ಯ ಎಂಬುದನ್ನಷ್ಟೇ ಕೇಳಿಸಿಕೊಳ್ಳುತ್ತಾರೆ, ಇನ್ನೊಂದು ಕಡೆಯವರು ಮನಸ್ಸಾಕ್ಷಿ ಎಂಬುದನ್ನಷ್ಟೇ. ಅವನು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದ. ಆದರೆ ನನಗೆ ಇದಕ್ಕಿಂತ ಇಷ್ಟವಾಗುವುದು ಮರುವರ್ಷ ಅವನು ಮಾಡಿದ ಕೆಲಸ. 1522ರಲ್ಲಿ ಹೊಸ ಒಡಂಬಡಿಕೆಯನ್ನು ಜರ್ಮನ್ ಭಾಷೆಗೆ ತಂದಾಗ ಯಾಕೋಬನ ಪತ್ರಿಕೆ ಅವನಿಗೆ ಸ್ವಲ್ಪವೂ ಹಿಡಿಸಲಿಲ್ಲ. ನಂಬಿಕೆಯಿಂದಲೇ ನೀತಿ ಎಂಬ ತನ್ನ ಬೋಧನೆಗೆ ಅದು ಅಡ್ಡ ಬರುತ್ತದೆ ಎನಿಸಿತು. ಹುಲ್ಲಿನ ಪತ್ರಿಕೆ ಎಂದು ಮುನ್ನುಡಿಯಲ್ಲೇ ಬರೆದ, ಪುಸ್ತಕದ ಕೊನೆಯ ಕಡೆಗೆ ತಳ್ಳಿದ. ಆದರೆ ತೆಗೆದುಹಾಕಲಿಲ್ಲ. ಅನುವಾದ ಮಾಡಿ, ಅಚ್ಚು ಹಾಕಿಸಿ, ಜನರ ಕೈಗೆ ಕೊಟ್ಟ. ಚಿನ್ನದ ಉಂಗುರದವನಿಗೆ ಒಳ್ಳೆಯ ಜಾಗ ತೋರಿಸಿ ಹರಕು ಬಟ್ಟೆಯವನಿಗೆ ಅಲ್ಲಿ ನಿಂತಿರು ಅನ್ನುತ್ತೀರಲ್ಲ ಎಂದು ಸಭೆಯನ್ನು ಕೇಳುವುದು ಇದೇ ಯಾಕೋಬನ ಪತ್ರಿಕೆ. ಲೂಥರ್ ತನಗೆ ಒಪ್ಪಿಗೆಯಾದದ್ದನ್ನಷ್ಟೇ ಅಚ್ಚು ಹಾಕಿಸಿದ್ದರೆ ಅವನ ಓದುಗರಿಗೆ ಆ ಪ್ರಶ್ನೆ ಸಿಗುತ್ತಿರಲಿಲ್ಲ.

ಹಾಗಾಗಿ ನನ್ನ ಉತ್ತರ ಇದು. ಒಪ್ಪದಿರುವುದು ಪಾಪವಲ್ಲ. ಪೇತ್ರನೇ ಒಪ್ಪಲಿಲ್ಲ. ಅಪೊಸ್ತಲರ ಕೃತ್ಯಗಳು 10ನೇ ಅಧ್ಯಾಯದಲ್ಲಿ, ಅಶುದ್ಧವಾದದ್ದನ್ನು ತಿನ್ನು ಎಂಬ ದರ್ಶನ ಬಂದಾಗ, ಎಂದೂ ಇಲ್ಲ ಕರ್ತನೇ ಎಂದ. ಅವನ ಕೈಯಲ್ಲಿ ಯಾಜಕಕಾಂಡದ ಆಧಾರವಿತ್ತು. ಆಮೇಲೆ ಯೆಹೂದ್ಯನಲ್ಲದ ಕೊರ್ನೇಲ್ಯನ ಮನೆಯವರ ಮೇಲೂ ಪವಿತ್ರಾತ್ಮ ಇಳಿದದ್ದನ್ನು ಕಂಡದ್ದು ಅವನ ಓದನ್ನೇ ಬದಲಾಯಿಸಿತು. ಆದರೆ ತನಗೆ ಕಂಡದ್ದೇ ಸತ್ಯ ಎಂದು ಅವನು ಒಬ್ಬನೇ ಹೊರಟು ಹೋಗಲಿಲ್ಲ. ಯೆರೂಸಲೇಮಿಗೆ ಬಂದು ಲೆಕ್ಕ ಒಪ್ಪಿಸಿದ. 15ನೇ ಅಧ್ಯಾಯದಲ್ಲಿ ಯೆಹೂದ್ಯರಲ್ಲದ ವಿಶ್ವಾಸಿಗಳ ವಿಷಯದಲ್ಲಿ ಎಲ್ಲರೂ ಕೂತು ವಾದ ಮಾಡಿದರು, ಯಾಕೋಬನು ಪ್ರವಾದಿ ಆಮೋಸನ ಮಾತನ್ನು ತೆಗೆದು ತೋರಿಸಿದ, ಕೊನೆಗೆ ಪವಿತ್ರಾತ್ಮನಿಗೂ ನಮಗೂ ಇದು ಸರಿಯೆಂದು ತೋರಿತು ಎಂದು ಪತ್ರ ಬರೆದರು. ಅವರ ಅನುಭವ, ಇಡೀ ವಾಕ್ಯ, ಕೂಡಿದ ಸಭೆ, ಈ ಮೂರೂ ಒಂದೇ ಕೋಣೆಯಲ್ಲಿದ್ದವು. ನೀವೂ ತಮ್ಮನೂ ಬೇರೆ ಬೇರೆ ಕೋಣೆಯಲ್ಲಿ ಕೂತು ಒಂದೊಂದನ್ನು ಹಿಡಿದುಕೊಂಡಿದ್ದೀರಿ.

ಕಥೋಲಿಕ ಓದುಗರೂ ಇದನ್ನು ಓದುತ್ತಾರೆ ಎಂದು ಒಂದೆರಡು ಮಾತು. ಅವರಲ್ಲಿ ಪುಸ್ತಕದ ಜೊತೆಗೆ ಪರಂಪರೆಗೂ ಸಭೆಯ ಬೋಧನಾಧಿಕಾರಕ್ಕೂ ಸ್ಥಾನವಿದೆ. ಆದರೆ ಆ ಅಧಿಕಾರ ದೇವರ ವಾಕ್ಯಕ್ಕಿಂತ ಮೇಲಿನದಲ್ಲ, ಅದರ ಸೇವೆಗಿರುವುದು ಎಂದು 1965ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಸ್ಪಷ್ಟ ಮಾಡಿತು. ಪಾಠ ಓದುವ ಅಧಿಕೃತ ಸೇವೆಗೆ ಹೆಂಗಸರನ್ನೂ ನೇಮಿಸಬಹುದು ಎಂದು ಸಭೆಯ ಕಾನೂನು ಬದಲಾದದ್ದು 2021ರ ಜನವರಿಯಲ್ಲಿ. ನಿಮ್ಮ ಸಭೆಯಲ್ಲಿ 2013ರಲ್ಲೇ ನಂದ್ಯಾಲ ಸಭಾಪ್ರಾಂತ್ಯಕ್ಕೆ ಪುಷ್ಪಲಲಿತಾ ಅವರು ಬಿಷಪ್ಪರಾದರು. ಇವರೆಲ್ಲ ಕೊರಿಂಥದ ಪತ್ರಿಕೆಯನ್ನು ಓದದೆ ಹೀಗೆ ಮಾಡಿದರು ಎಂದುಕೊಳ್ಳಬೇಡಿ.

ತಮ್ಮನಿಗೆ ನಾನು ಕೇಳಬೇಕೆಂದಿರುವುದು ಒಂದೇ. ಅವನು ಹಿಡಿದಿರುವ ವಾಕ್ಯ ಅವನ ಮೇಲೆ ಯಾವ ಭಾರವನ್ನೂ ಹೊರಿಸುವುದಿಲ್ಲ. ಎಲ್ಲ ಭಾರವೂ ಅಮ್ಮನ ಮೇಲೆ ಬೀಳುತ್ತದೆ. ಅವನನ್ನೇ ಚುಚ್ಚಿದ, ಅವನ ಒಂದು ಅಭ್ಯಾಸವನ್ನಾದರೂ ಬಿಡಿಸಿದ ವಾಕ್ಯ ಈ ಎರಡು ವರ್ಷದಲ್ಲಿ ಯಾವುದು? ಇದ್ದರೆ ಅದನ್ನು ಅವನು ನಿಮಗೆ ಹೇಳಲಿ, ನೀವು ಗೌರವದಿಂದ ಕೇಳಿ. ಅದೇ ಪ್ರಶ್ನೆಗೆ ನೀವೂ ಉತ್ತರ ಕೊಡಬೇಕು. ನಿಮಗೆ ಹಿತವಾದ ವಾಕ್ಯಗಳನ್ನು ಮಾತ್ರ ನೀವೂ ಇಟ್ಟುಕೊಂಡಿದ್ದರೆ, ನಿಮ್ಮ ಕೈಯಲ್ಲಿರುವುದೂ ಜೆಫರ್ಸನ್ನನ ಅಲಗೇ.

ಇನ್ನೊಂದು ವಿಷಯ. ಇಷ್ಟು ದೊಡ್ಡ ಪತ್ರದಲ್ಲಿ ನೀವು ಏನನ್ನುತ್ತೀರಿ, ತಮ್ಮ ಏನನ್ನುತ್ತಾನೆ ಎಂದು ಬರೆದಿದ್ದೀರಿ. ಅಮ್ಮ ಏನನ್ನುತ್ತಾರೆ ಎಂದು ಎಲ್ಲೂ ಇಲ್ಲ. ಮೂವತ್ತು ವರ್ಷ ಆ ಪುಸ್ತಕವನ್ನು ಗಟ್ಟಿಯಾಗಿ ಓದಿದವರು ಅವರು. ಒಂದು ಸಂಜೆ ಮೂವರೂ ಕೂತು, ಕೊರಿಂಥದ ಆ ಅಧ್ಯಾಯವನ್ನು 26ನೇ ವಚನದಿಂದ ಅಮ್ಮನ ಕೈಯಲ್ಲೇ ಓದಿಸಿ. 34ನೇ ವಚನವನ್ನೂ ಅವರೇ ಓದಲಿ, ಬಿಡದೆ. ಆಮೇಲೆ ನೀವಿಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದು ಅವರ ಮಾತು ಕೇಳಿ.